ಸಾಂಬ್ರಾಣಿಯಲ್ಲಿ ಬಿಟ್ಟು ಬಂದ ಬೀಸುಕಲ್ಲು

ಬೀಸುಕಲ್ಲನ್ನು ಗಾಡಿಗೆ ಹೇರಬೇಡಿ ಎಂದು ನಮ್ಮವ್ವ ಹೇಳಿರಲಿಲ್ಲ. ಹೇಳಿದವಳು ನಾನು, ಅದೂ ಅವ್ವನ ಹೆಸರಿನಲ್ಲಿ. ಆಗ ನನಗೆ ಹನ್ನೆರಡು ವರ್ಷ. ಸುಳ್ಳು ಹೇಳುವುದಕ್ಕೆ ಬೇಕಾದಷ್ಟು ಬುದ್ಧಿ ಬಂದಿತ್ತು, ಅದರ ಬೆನ್ನಿಗೆ ಏನೇನು ಬರುತ್ತದೆಂದು ತಿಳಿಯುವಷ್ಟು ಬಂದಿರಲಿಲ್ಲ.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಅಪ್ಪನಿಗೆ ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ, ಬಿದಿರು ಚೂರು ಮಾಡುವ ಖಾತೆಯಲ್ಲಿ ಕೆಲಸ ಸಿಕ್ಕು ಒಂದು ವರ್ಷವಾಗಿತ್ತು. ಅಲ್ಲಿಯ ತನಕ ಒಬ್ಬನೇ ಖೋಲಿ ಮಾಡಿಕೊಂಡಿದ್ದವನು, ಕ್ವಾರ್ಟರ್ಸ್ ಸಿಕ್ಕಿತೆಂದು ನಮ್ಮನ್ನು ಕರೆದೊಯ್ಯಲು ನಮ್ಮೂರು ಸಾಂಬ್ರಾಣಿಗೆ ಬಂದಿದ್ದ. ನಾವು ಎಂದರೆ ಅವ್ವ, ನಾನು, ನನಗಿಂತ ಮೂರು ವರ್ಷಕ್ಕೆ ದೊಡ್ಡವಳಾದ ಅಕ್ಕ. ಊರಲ್ಲಿ ಉಳಿಯುವವರು ಆಯಿ, ಅಂದರೆ ಅಪ್ಪನ ತಾಯಿ, ಮತ್ತು ದೊಡ್ಡಪ್ಪ, ದೊಡ್ಡವ್ವ.

ಆ ಮನೆಯ ಒಂದು ರಿವಾಜು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಾಲ್ಕು ಜನರ ಎದುರಿಗೆ ಗಂಡ ಹೆಂಡತಿ ನೇರವಾಗಿ ಮಾತಾಡುತ್ತಿರಲಿಲ್ಲ. ಅಪ್ಪ ಹೊರಗೆ ಕಟ್ಟೆಯ ಮೇಲೆ, ಅವ್ವ ಒಳಗೆ ಒಲೆಯ ಮುಂದೆ, ನಡುವೆ ಓಡಾಡುವ ಟಪಾಲಿನವಳು ನಾನು. ‘ನಿಮ್ಮವ್ವಗ ಕೇಳು, ದನಕ್ಕ ನೀರ ಕುಡಿಸ್ಯಾಳೇನಂತ.’ ‘ನಿಮ್ಮಪ್ಪಗ ಹೇಳು, ಎಣ್ಣಿ ತೀರೇತಂತ.’ ಎಷ್ಟೋ ಸಲ ಅಪ್ಪ ಅಂದದ್ದು ಅವ್ವನಿಗೆ ಒಲೆಯ ಹತ್ತಿರವೇ ಕೇಳಿಸಿರುತ್ತಿತ್ತು. ಆದರೂ ನಾನು ಹೋಗಿ ಇನ್ನೊಮ್ಮೆ ಹೇಳುವ ತನಕ ಅವಳು ತಲೆ ಎತ್ತುತ್ತಿರಲಿಲ್ಲ. ಇಬ್ಬರೇ ಇದ್ದಾಗ ಏನು ಮಾತಾಡುತ್ತಿದ್ದರೋ, ಶಿವನೇ ಬಲ್ಲ.

ಗಾಡಿಗೆ ಸಾಮಾನು ಹೇರುವ ದಿನ ಅವ್ವ ಹಿತ್ತಲಿನ ಬಚ್ಚಲಲ್ಲಿ ಅಕ್ಕನಿಗೆ ನೀರು ಹಾಕುತ್ತಿದ್ದಳು. ಅಪ್ಪ ನನ್ನನ್ನು ಕರೆದ. ‘ಬೀಸೂಕಲ್ಲ ಹೇರೂದೇನ, ಬಿಡೂದೇನ, ನಿಮ್ಮವ್ವನ್ನ ಕೇಳ್ಕೊಂಡ ಬಾ.’ ಮನೆಯಲ್ಲಿ ಎರಡು ಬೀಸುಕಲ್ಲುಗಳಿದ್ದವು. ದೊಡ್ಡದು ದೊಡ್ಡವ್ವನದು, ಚಿಕ್ಕದು ಅವ್ವನದು.

ನಾನು ಹಿತ್ತಲಿನ ಕಡೆ ನಾಲ್ಕು ಹೆಜ್ಜೆ ಹೋದೆ. ದಾಂಡೇಲಿಯಲ್ಲಿ ಕರೆಂಟಿದೆ, ನಳವಿದೆ, ಓಣಿಯ ತುದಿಗೇ ಹಿಟ್ಟಿನ ಗಿರಣಿಯಿದೆ ಎಂದು ಅಪ್ಪ ಹಿಂದಿನ ದಿನವಷ್ಟೇ ಹೇಳಿದ್ದ. ಅಲ್ಲಿಯ ಶಾಲೆಯ ಹುಡುಗಿಯರು ಎರಡೂ ಜಡೆಗೆ ರಿಬ್ಬನ್ನು ಕಟ್ಟುತ್ತಾರಂತೆ. ಅಂಥ ಊರಿಗೆ ಬೀಸುಕಲ್ಲು ಹೊತ್ತುಕೊಂಡು ಹೋಗಿ ಹಳ್ಳಿಗಮಾರರು ಅನ್ನಿಸಿಕೊಳ್ಳುವುದೇ? ಗೋಡೆಯ ಮರೆಯಲ್ಲಿ ನಿಂತು ಮನಸ್ಸಿನಲ್ಲೇ ಹತ್ತು ಎಣಿಸಿದೆ, ತಿರುಗಿ ಬಂದೆ. ‘ಬ್ಯಾಡಂತ. ಗಿರಣಿ ಐತೆಲ್ಲ ಅಂದ್ಳು’ ಎಂದೆ. ಅಪ್ಪ ಹೂಂ ಎಂದವನೇ ಕಲ್ಲಿಗೆಂದು ಬಿಟ್ಟಿದ್ದ ಜಾಗದಲ್ಲಿ ಕೌದಿಯ ಗಂಟು ಇಟ್ಟ. ಅಷ್ಟೇ ಆದದ್ದು.

ಇನ್ನು ಅಕ್ಕನ ಮಾತು. ಹುಟ್ಟಿದಾಗ ಬಹಳ ತಡವಾಗಿ ಅತ್ತ ಕೂಸಂತೆ ಅವಳು. ಹದಿನೈದು ವರ್ಷವಾದರೂ ಕುತ್ತಿಗೆ ನಿಲ್ಲುತ್ತಿರಲಿಲ್ಲ, ಎರಡೂ ಮುಷ್ಟಿಗಳು ಬಿಗಿದೇ ಇರುತ್ತಿದ್ದವು, ಮಾತು ಇರಲಿಲ್ಲ. ಒಮ್ಮೊಮ್ಮೆ ಇಡೀ ಮೈ ಬಿಲ್ಲಿನಂತೆ ಸೆಟೆಯುತ್ತಿತ್ತು. ಆಗ ದವಡೆ ಎಂಥ ಬಿಗಿ ಎಂದರೆ ತುತ್ತಿನ ಮಾತಿರಲಿ, ಚಮಚದ ತುದಿಯನ್ನೂ ಒಳಗೆ ಬಿಡುತ್ತಿರಲಿಲ್ಲ. ಕಣ್ಣು ಮಾತ್ರ ಎಲ್ಲವನ್ನೂ ನೋಡುತ್ತಿದ್ದವು. ಅವಳಿಗೆ ಏನೂ ತಿಳಿಯುವುದಿಲ್ಲ ಎಂದು ಬಂದವರೆಲ್ಲ ಹೇಳಿ ಹೋಗುತ್ತಿದ್ದರು. ಹೇಳುವವರ ಗಂಟೇನು ಹೋಗಬೇಕು! ನಾನು ಕದ್ದು ಬೆಲ್ಲ ತಿಂದರೆ ಮೊದಲು ನಗುತ್ತಿದ್ದವಳೇ ಅವಳು.

ಇಷ್ಟಿದ್ದರೂ ಅವಳಿಗೆ ಉಣಿಸುವುದು ಕಷ್ಟವೆಂದು ಸಾಂಬ್ರಾಣಿಯಲ್ಲಿ ಯಾರೂ ಅಂದದ್ದು ನನಗೆ ನೆನಪಿಲ್ಲ. ನಸುಕಿನಲ್ಲಿ ಅವ್ವ ಬೀಸಲು ಕುಳಿತುಕೊಳ್ಳುತ್ತಿದ್ದಳು. ಅಕ್ಕನನ್ನು ಎತ್ತಿ ತಂದು ಕಲ್ಲಿನ ಪಕ್ಕಕ್ಕೆ ಕೌದಿಯ ಮೇಲೆ ಮಲಗಿಸುತ್ತಿದ್ದರು. ಬೇರೆ ಕಡೆ ಮಲಗಿಸಿದರೆ ನೋಡಿಕೊಳ್ಳುವವರಿಲ್ಲ, ಅದಕ್ಕೆ. ಕಲ್ಲು ಗರಗರ ತಿರುಗುತ್ತಿತ್ತು, ಅವ್ವ ಹಾಡುತ್ತಿದ್ದಳು. ಒಂದು ಸೇರು ಜೋಳ ಮುಗಿಯುವುದರೊಳಗೆ ಅಕ್ಕನ ಮುಷ್ಟಿ ತಾನಾಗಿ ಬಿಚ್ಚುತ್ತಿತ್ತು, ದವಡೆ ಸಡಿಲವಾಗುತ್ತಿತ್ತು. ಆಯಿ ಅದೇ ಹೊತ್ತಿಗೆ ಪಕ್ಕದಲ್ಲಿ ಕುಳಿತು ಗಂಜಿ ಕುಡಿಸಿಬಿಡುತ್ತಿದ್ದಳು. ಸಂಜೆ ನುಚ್ಚು ಒಡೆಯುವಾಗ ಇನ್ನೊಮ್ಮೆ. ಬೀಸುವಾಗ ಹಾಡುವುದು ರಟ್ಟೆಯ ನೋವು ಮರೆಯುವುದಕ್ಕೆ, ಅಕ್ಕ ಉಣ್ಣುವುದು ಅದು ಅವಳು ಉಣ್ಣುವ ಹೊತ್ತಾದ್ದರಿಂದ. ಇಷ್ಟೇ ನಮಗೆ ತಿಳಿದಿದ್ದು.

ದಾಂಡೇಲಿಯ ಮನೆ ಎರಡು ಕೋಣೆಯದು. ಸಾಲುಮನೆ, ನಡುವೆ ಒಂದೇ ಗೋಡೆ, ಸಿಮೆಂಟಿನ ನೆಲ. ನಳ ತಿರುಗಿಸಿದರೆ ನೀರು. ಅವ್ವ ಮೊದಲ ದಿನ ನಳವನ್ನು ನಾಲ್ಕು ಸಲ ತೆರೆದು ಮುಚ್ಚಿದಳು. ಮಿಲ್ಲಿನ ಭೋಂಗಾ, ಅಂದರೆ ಸೈರನ್ನು, ಕೂಗಿದಾಗ ಮಾತ್ರ ಎಲ್ಲರೂ ಬೆಚ್ಚಿದೆವು. ನಮಗೆ ಎರಡು ದಿನದಲ್ಲಿ ರೂಢಿಯಾಯಿತು, ಅಕ್ಕನಿಗೆ ಆಗಲಿಲ್ಲ. ದಿನಕ್ಕೆ ಎಷ್ಟು ಪಾಳಿ ಬದಲಾಗುತ್ತದೋ ಅಷ್ಟು ಸಲ ಅವಳ ಮೈ ಸೆಟೆಯುತ್ತಿತ್ತು.

ಜೋಳದ ಡಬ್ಬಿ ಹೊತ್ತು ಗಿರಣಿಗೆ ಹೋಗುವ ಕೆಲಸ ನನ್ನದು. ರಿಬ್ಬನ್ನು ಕಟ್ಟಿಕೊಂಡು ಹೋಗುತ್ತಿದ್ದೆ. ಬಿಸಿ ಹಿಟ್ಟು ತಂದು ಅವ್ವನ ಮುಂದಿಟ್ಟರೆ ಅವಳು ಎರಡು ಬೆರಳಲ್ಲಿ ತೀಡಿ ನೋಡಿ, ‘ಏನ ಸಣ್ಣ ಬೀಸೇತವ್ವಾ!’ ಎನ್ನುತ್ತಿದ್ದಳು. ಬೆಳಿಗ್ಗೆ ಬೆಳಕು ಹರಿದ ಮೇಲೆ ಏಳುವ ಸುಖ ಅವಳಿಗೆ ಜನ್ಮದಲ್ಲಿ ಮೊದಲು ಸಿಕ್ಕಿತ್ತು. ಹಾಡು ನಿಂತದ್ದು ಯಾರ ಲಕ್ಷ್ಯಕ್ಕೂ ಬರಲಿಲ್ಲ. ಬೀಸುವುದಿಲ್ಲವೆಂದ ಮೇಲೆ ಸುಮ್ಮನೆ ಕುಳಿತು ಹಾಡಲು ಅವಳೇನು ಸಂಗೀತ ಕಚೇರಿಯವಳೇ?

ಮೊದಲ ವಾರ ಅಕ್ಕ ಅರ್ಧ ಬಟ್ಟಲು ಗಂಜಿ ಕುಡಿದಳು, ಎರಡನೆಯ ವಾರ ಕಾಲು. ಹಾಕಿದ್ದು ಕಟವಾಯಿಯಿಂದ ಇಳಿದು ಕುತ್ತಿಗೆಗೆ ಹರಿಯುತ್ತಿತ್ತು. ಒತ್ತಾಯ ಮಾಡಿದರೆ ಗಂಟಲಿಗೆ ಸಿಕ್ಕಿ ಕೆಮ್ಮು ಹತ್ತಿ ಮುಖ ನೀಲಿಯಾಗುತ್ತಿತ್ತು. ನೀರು ಬದಲಾದದ್ದಕ್ಕೆ ಎಂದರು ಒಬ್ಬರು. ದೃಷ್ಟಿಯೆಂದರು ಇನ್ನೊಬ್ಬರು. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದೆವು. ಮಗಳು ಉಂಡರೆ ಉಳವಿಯ ಗುಡಿಗೆ ನಡೆದು ಬರುತ್ತೇನೆಂದು ಅವ್ವ ಹರಕೆ ಹೊತ್ತಳು. ತಿಂಗಳು ದಾಟುವಷ್ಟರಲ್ಲಿ ಅಕ್ಕನನ್ನು ನಾನೊಬ್ಬಳೇ ಎತ್ತಬಹುದಾಗಿತ್ತು. ಅದು ನನಗೆ ಬಹಳ ಅಂಜಿಕೆ ತಂದಿತು.

ದವಾಖಾನೆಯ ಡಾಕ್ಟರು ಮನೆಗೇ ಬಂದು ನೋಡಿದರು. ಒಳ್ಳೆಯ ಮನುಷ್ಯ. ಅಕ್ಕನ ಕೈಯನ್ನು ಬಹಳ ಹೊತ್ತು ಹಿಡಿದುಕೊಂಡು ಕುಳಿತು, ಆಮೇಲೆ ಅಪ್ಪನಿಗೆ ಹೇಳಿದರು. ‘ದೊಡ್ಡ ದವಾಖಾನಿಗೆ ಒಯ್ರಿ. ಮೂಗಿನಾಗ ನಳಿಗಿ ಹಾಕಿ ಹಾಲ ಬಿಡ್ತಾರ. ಇಂಥಾವರನ್ನ ಇಟ್ಕೊಳ್ಳೂ ಜಾಗಾನೂ ಅಲ್ಲೆ ಐತಿ. ಮನ್ಯಾಗ ಹಿಂಗ ಬಿಟ್ರ ಒಂದ ತಿಂಗಳ ತಡ್ಯಾಕಿಲ್ರಿ ಈಕಿ.’ ಒಳಗಿನಿಂದ ಅವ್ವ ಅತ್ತದ್ದು ಕೇಳಿಸಿತು.

ಅದರ ಮಾರನೆಯ ದಿನ ಬೆಳಿಗ್ಗೆ ಒಂದು ಸಂಗತಿ ನಡೆಯಿತು. ಪಕ್ಕದ ಮನೆಯವಳು ಜೋಯಿಡಾದ ಕಡೆ, ಅಣಶಿಯವಳು. ಮನೆಯಲ್ಲಿ ಕೊಂಕಣಿ, ನಮ್ಮೊಡನೆ ಹರಕು ಮುರುಕು ಕನ್ನಡ. ಅವಳ ಹತ್ತಿರ ಒಂದು ಚಿಕ್ಕ ಬೀಸುಕಲ್ಲಿತ್ತು, ಅದನ್ನು ಹೊರಗೆ ತೆಗೆದದ್ದು ನಾನು ನೋಡಿರಲಿಲ್ಲ. ಹೋಳಿಯ ಹೊತ್ತಿನ ಶಿಗ್ಮೊ ಹಬ್ಬಕ್ಕೆ ಊರಿಗೆ ಹೊರಟವಳು ನಾಚಣಿ, ಅಂದರೆ ರಾಗಿ, ಬೀಸಲು ಕುಳಿತಳು. ಅವ್ವ ನಳದ ಹತ್ತಿರ ಅರಿವೆ ಒಗೆಯುತ್ತಿದ್ದಳು, ಅಕ್ಕನ ಹತ್ತಿರ ನಾನೊಬ್ಬಳೇ. ಗೋಡೆಯಾಚೆ ಗರ್ ಎಂದಿತು, ಜೊತೆಗೆ ಅವಳ ಗುನುಗು. ಅಕ್ಕನ ಕಣ್ಣು ಗೋಡೆಗೆ ತಿರುಗಿದವು. ಸ್ವಲ್ಪ ಹೊತ್ತಿಗೆ ಎಡಮುಷ್ಟಿ ಸಡಿಲಾಯಿತು. ಆಮೇಲೆ ಬಾಯಿ ತೆರೆಯಿತು, ಹಕ್ಕಿಯ ಮರಿ ತೆರೆದ ಹಾಗೆ. ಪಕ್ಕದಲ್ಲಿದ್ದ ಆರಿದ ಗಂಜಿಯನ್ನು ನಾನು ಅವಳ ಬಾಯಿಗೆ ಹಾಕಿದೆ. ನಾಲ್ಕು ಚಮಚ ನುಂಗಿದಳು. ಕಲ್ಲು ನಿಂತಿತು, ದವಡೆ ಮುಚ್ಚಿತು.

ತಿಳಿಯಬೇಕಾದದ್ದು ಆ ಕ್ಷಣಕ್ಕೇ ತಿಳಿಯಿತು. ಓಡಿಹೋಗಿ ಅವ್ವನಿಗೆ ಹೇಳಬೇಕಾಗಿತ್ತು. ಹೇಳಲಿಲ್ಲ. ಕಲ್ಲು ಎಂದರೆ ‘ನಮ್ಮ ಕಲ್ಲೆಲ್ಲಿ’ ಎಂಬ ಮಾತು ಬರುತ್ತದೆ, ಆ ಮಾತು ಬಂದರೆ ನನ್ನ ಸುಳ್ಳು ಹೊರಗೆ ಬೀಳುತ್ತದೆ. ಪಕ್ಕದವಳನ್ನು ಗುಟ್ಟಾಗಿ ಕೇಳಿಕೊಂಡು ದಿನಾ ಬೀಸಿಸೋಣವೆಂದರೆ ಅವಳು ಅದೇ ಮಧ್ಯಾಹ್ನ ಮನೆಗೆ ಕೀಲಿ ಹಾಕಿ ಊರಿಗೆ ಹೋದಳು. ಮೂರು ದಿನ ನಾನು ಬಾಯಿ ಬಿಗಿಹಿಡಿದೆ. ಅಕ್ಕನದು ತನ್ನಷ್ಟಕ್ಕೆ ಬಿಗಿದ ಬಾಯಿ, ನನ್ನದು ಬೇಕೆಂದು ಬಿಗಿದದ್ದು. ಆ ಮೂರು ದಿನಗಳನ್ನು ನೆನೆದರೆ ಇಂದಿಗೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ. ಚಿಕ್ಕವಳಿದ್ದೆ ಎಂದು ಜನ ಸಮಾಧಾನ ಹೇಳಬಹುದು, ನಾನು ಹೇಳಿಕೊಳ್ಳುವುದಿಲ್ಲ.

ನಾಲ್ಕನೆಯ ದಿನ ಅಪ್ಪ ಬೆಳಗಿನ ಪಾಳಿ ಮುಗಿಸಿ ಬಂದು ಕಟ್ಟೆಯ ಮೇಲೆ ಕುಳಿತ. ಈ ಮನೆಯಲ್ಲಿ ಆಯಿಯಿರಲಿಲ್ಲ, ದೊಡ್ಡಪ್ಪನಿರಲಿಲ್ಲ, ಆದರೂ ರಿವಾಜು ಹೋಗಿರಲಿಲ್ಲ. ನನ್ನನ್ನು ಕರೆದ. ‘ನಿಮ್ಮವ್ವಗ ಹೇಳು, ನಾಳಿ ಮುಂಜಾನಿ ಬಸ್ಸಿಗೆ ಹೋಗೂದೈತಿ. ಅಕ್ಕನ್ವು ಎರಡ ಅಂಗಿ, ಒಂದ ಕೌದಿ ಕಟ್ಟಿ ಇಡಂತ.’

‘ತಿರುಗಿ ಯಾವಾಗ ಬರೂದಪಾ?’ ಎಂದೆ.

‘ನಾ ಬರ್ತೇನಿ. ಆಕೀನ್ನ ಅಲ್ಲೇ ಬಿಟ್ಟ ಬರೂದು.’

ಕಟ್ಟೆಯಿಂದ ಒಲೆಯ ತನಕ ಹತ್ತು ಹೆಜ್ಜೆ. ನಾನು ಐದು ಹೆಜ್ಜೆ ಹಾಕಿ ನಡುಬಾಗಿಲಲ್ಲಿ ನಿಂತೆ. ಈ ಕಡೆ ಅಪ್ಪನ ಬೆನ್ನು ಕಾಣುತ್ತಿತ್ತು, ಆ ಕಡೆ ಅವ್ವ ರೊಟ್ಟಿ ಬಡಿಯುತ್ತಿದ್ದಳು, ಮೂಲೆಯಲ್ಲಿ ಅಕ್ಕ ನನ್ನನ್ನೇ ನೋಡುತ್ತಿದ್ದಳು. ಇಬ್ಬರಿಗೂ ಕೇಳುವಂತೆ ಚೀರಿದೆ. ‘ಅವ್ವ ಕಲ್ಲ ಬ್ಯಾಡ ಅಂದಿರ್ಲಿಲ್ಲ! ನಾ ಕೇಳೇ ಇಲ್ಲ ಆಕೀನ್ನ. ನಾನ ಸುಳ್ಳ ಹೇಳೇನಿ. ಬಾಜೂ ಮನ್ಯಾಗ ಬೀಸಿದ್ರ ಅಕ್ಕ ಬಾಯಿ ತೆರದ್ಳು, ನಾಕ ಚಮಚಾ ಉಂಡ್ಳು. ನಾ ನೋಡೇನಿ. ಆಕೀನ್ನ ಒಯ್ಯಬ್ಯಾಡ್ರಿ!’

ರೊಟ್ಟಿಯ ಸಪ್ಪಳ ನಿಂತಿತು. ಅವ್ವ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. ಬಡಿಯುತ್ತಾಳೆಂದು ಕಣ್ಣು ಮುಚ್ಚಿದೆ. ಬಡಿದಿದ್ದರೆ ಚೆನ್ನಾಗಿತ್ತು. ಅವಳು ನನ್ನ ಮುಂದೆ ನಿಂತು, ನನಗೇ ಹೇಳಿದಳು, ಆದರೆ ಕಣ್ಣು ಹೊಸ್ತಿಲ ಮೇಲಿದ್ದವು. ‘ನಿಮ್ಮಪ್ಪಗ ಹೇಳು, ತಪ್ಪು ನಿಂದೊಂದ ಅಲ್ಲಂತ. ಕಲ್ಲ ಗಾಡ್ಯಾಗ ಇಲ್ಲಂತ ನನಗ ಊರ ಕೆರಿ ದಾಟೂದ್ರಾಗ ಗೊತ್ತಾಗಿತ್ತು. ಕೇಳಿದ್ರ ಗಾಡಿ ತಿರುಗಸ್ತಾರಂತ ಕೇಳ್ಲಿಲ್ಲ. ಹದಿನೇಳ ವರ್ಷ ಬೀಸೇನಿ, ರಟ್ಟಿ ಬಿದ್ದ ಹೋಗಿದ್ವು. ಇನ್ನರ ಸಾಕು ಅನಿಸಿತ್ತು. ನನ್ನ ರಟ್ಟಿ ಉಳಿಸ್ಕೊಂಡು ಮಗಳ ಹೊಟ್ಟಿ ಒಣಗಿಸಿದೆ ಅಂತ ಹೇಳು ನಿಮ್ಮಪ್ಪಗ.’

ನಾನು ಒಯ್ದು ಹೇಳುವುದೇನೂ ಉಳಿದಿರಲಿಲ್ಲ. ಅಪ್ಪ ಐದು ಹೆಜ್ಜೆ ದೂರದಲ್ಲಿ ಕುಳಿತು ಎಲ್ಲವನ್ನೂ ಕೇಳಿದ್ದ. ಎದ್ದ, ಅಂಗಿ ಹಾಕಿಕೊಂಡ, ಉಣ್ಣದೆ ಹೊರಗೆ ಹೋದ. ಕತ್ತಲಾಗುವ ಮೊದಲೇ ಬಿದಿರು ತರುವ ಲಾರಿಯೊಂದು ಓಣಿಯ ಬಾಯಿಗೆ ನಿಂತಿತು. ಅಪ್ಪನೂ ಡ್ರೈವರನೂ ಗೋಣಿಚೀಲದಲ್ಲಿ ಕಟ್ಟಿದ ಅವ್ವನ ಬೀಸುಕಲ್ಲಿನ ಎರಡು ಹೋಳುಗಳನ್ನು ಇಳಿಸಿದರು. ‘ಮರ್ತ ಹೋಗ್ಯಾರ, ಬಂದ ಒಯ್ತಾರ’ ಎಂದು ಸಾಂಬ್ರಾಣಿಯಲ್ಲಿ ದೊಡ್ಡವ್ವ ತೊಳೆದು ಕಟ್ಟಿ ಇಟ್ಟಿದ್ದಳಂತೆ.

ಕಲ್ಲು ಬಂತು, ಬೀಸಲು ಕಾಳಿಲ್ಲ! ಮನೆಯಲ್ಲಿದ್ದ ಜೋಳವನ್ನೆಲ್ಲ ನಾನು ಗಿರಣಿಗೆ ಹಾಕಿಸಿ ಹಿಟ್ಟು ಮಾಡಿಸಿ ತಂದಿದ್ದೆ. ಬರಿಗಲ್ಲು ತಿರುಗಿಸಬಾರದು. ಕಲ್ಲೂ ಸವೆಯುತ್ತದೆ, ಮನೆಗೂ ಒಳ್ಳೆಯದಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಎದುರು ಮನೆಯಿಂದ ಒಂದು ಸೇರು ಕೈಗಡ ತಂದೆವು. ಬೆಳಿಗ್ಗೆ ಅವ್ವ ಕುಳಿತಳು. ನೀವು ಅಂದುಕೊಂಡಂತೆ ಆಗಲಿಲ್ಲ. ಸಿಮೆಂಟಿನ ಮೇಲೆ ಕಲ್ಲು ಜಾರಿತು, ಸದ್ದು ಕರಕರ ಎಂದು ಕಿವಿಗೆ ಬಡಿಯಿತು. ಅಕ್ಕ ಇನ್ನಷ್ಟು ಸೆಟೆದಳು. ಅವ್ವನ ಹಾಡೂ ಎರಡು ಸಾಲಿಗೇ ನಿಂತಿತು. ಮರುದಿನ ಕೆಳಗೆ ಗೋಣಿಚೀಲ ಹಾಸಿದೆವು. ಅಕ್ಕ ಗೋಡೆ ನೋಡುತ್ತಿದ್ದಳು. ಅಪ್ಪ ಬಸ್ಸಿಗೆ ಹೋಗುವ ದಿನವನ್ನು ಎರಡು ದಿನ ಮುಂದೆ ಹಾಕಿದ್ದ, ಅಷ್ಟೇ.

ಅವ್ವ ಆ ಮಧ್ಯಾಹ್ನ ಬುಟ್ಟಿ ತೆಗೆದುಕೊಂಡು ನನ್ನನ್ನು ಕರೆದಳು. ‘ಬಾ, ಮಣ್ಣ ತರೂಣು.’ ಓಣಿಯ ಹಿಂದಿನ ಕಾಡಂಚಿನಿಂದ ಹುತ್ತದ ಮಣ್ಣು ತಂದೆವು, ಆರು ಬುಟ್ಟಿ. ಸೆಗಣಿ ಕೂಡಿಸಿ ತುಳಿದು ಮೂಲೆಯಲ್ಲಿ ಒಂದು ಗೇಣು ದಪ್ಪಕ್ಕೆ ಮೆತ್ತಿ, ಕೆಳಗಲ್ಲನ್ನು ಅದರಲ್ಲಿ ಕೂರಿಸಿದೆವು. ಕ್ವಾರ್ಟರ್ಸಿನ ಸಿಮೆಂಟಿನ ಮೇಲೆ ಮಣ್ಣಿನ ನೆಲ! ನೋಡಲು ಬಂದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಅವರಲ್ಲಿ ನನ್ನ ತರಗತಿಯವಳ ತಾಯಿಯೂ ಇದ್ದಳು. ನಗಲಿ ಬಿಡು, ಎಂದುಕೊಂಡೆ. ರಿಬ್ಬನ್ನನ್ನು ಆ ಹೊತ್ತಿಗೆ ನಾನೇ ಬಿಚ್ಚಿಟ್ಟಿದ್ದೆ.

ಮೂರನೆಯ ಬೆಳಿಗ್ಗೆ ಕಲ್ಲು ಸಾಂಬ್ರಾಣಿಯ ಕಲ್ಲಿನಂತೆ ಮೆತ್ತಗೆ ಗರಗರ ಎಂದಿತು. ಅದೇ ಹೊತ್ತಿಗೆ ಭೋಂಗಾ ಕೂಗಿತು. ಅಕ್ಕ ಬೆಚ್ಚುವುದನ್ನು ನೋಡಿದ ಅವ್ವ ಹಳೆಯ ಹಾಡು ಬಿಟ್ಟು, ಬಾಯಿಗೆ ಬಂದದ್ದನ್ನು ಆ ರಾಗಕ್ಕೇ ಕೂಡಿಸಿದಳು.

ಬೆಳಗಾತು ಭೋಂಗಾ ಕೂಗೈತಿ, ನನ ಕೂಸ
ಬೆಳ್ಳಾನ ಜೋಳ ಸುರಿವೇನ, ಬಾಯ್ತೆರೆಯ
ತಳದಾಗ ಗಂಜಿ ಆರೈತಿ.

ಅದನ್ನೇ ತಿರುಗಿ ತಿರುಗಿ ಹಾಡಿದಳು. ಗಂಜಿಯ ಬಟ್ಟಲು ಹಿಡಿದು ಆಯಿಯ ಜಾಗದಲ್ಲಿ ನಾನು ಕುಳಿತಿದ್ದೆ. ಜೋಳ ಅರ್ಧ ಮುಗಿದಾಗ ಅಕ್ಕನ ಬಲಮುಷ್ಟಿ ಬಿಚ್ಚಿತು. ಆಮೇಲೆ ಬಾಯಿ. ಒಂದು ಚಮಚ, ಎರಡು, ಹತ್ತು. ಅವ್ವನ ಕಣ್ಣಿಂದ ನೀರಿಳಿದು ಹಿಟ್ಟಿನೊಳಗೆ ಬೀಳುತ್ತಿತ್ತು, ಕೈ ಮಾತ್ರ ನಿಲ್ಲಲಿಲ್ಲ. ನಿಂತರೆ ಬಾಯಿ ಮುಚ್ಚುತ್ತದೆಂದು ಅವಳಿಗೆ ಗೊತ್ತಿತ್ತು. ಅಂದಿನ ಬಸ್ಸಿಗೆ ಅಪ್ಪ ಹೋಗಲಿಲ್ಲ, ಮರುದಿನದ ಬಸ್ಸಿಗೂ ಹೋಗಲಿಲ್ಲ. ಆಮೇಲೆ ಆ ಮಾತೇ ಎತ್ತಲಿಲ್ಲ.

ಈಗ ನನ್ನ ಮೊಮ್ಮಗಳು ಇಂಥ ಮಕ್ಕಳ ಶಾಲೆಯೊಂದರಲ್ಲಿ ಕೆಲಸ ಮಾಡುತ್ತಾಳೆ. ತಾಳ ಹಾಕಿ, ಹಾಡು ಹೇಳಿ, ಸೆಟೆದ ಕೈಗಳನ್ನು ಬಿಚ್ಚಿಸುತ್ತಾಳೆ. ಅದಕ್ಕೆ ಸಂಗೀತ ಚಿಕಿತ್ಸೆ ಅನ್ನುತ್ತಾರಜ್ಜಿ ಎಂದಳು. ಒಮ್ಮೆ ಹೋಗಿ ನೋಡಿಯೂ ಬಂದೆ. ದೊಡ್ಡ ದೊಡ್ಡವರೂ ಇದ್ದರು ಅಲ್ಲಿ, ಗಡ್ಡ ಬಂದವರು. ಒಬ್ಬ ಹುಡುಗಿ ಡೋಲಿನ ಮೇಲೆ ಅಂಗೈ ಇಟ್ಟುಕೊಂಡು ಬಾಯಿ ತೆರೆದು ಕುಳಿತಿದ್ದಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಹೊರಗೆ ಬಂದು ಅತ್ತೆ. ಸಂತೋಷಕ್ಕಷ್ಟೇ ಅಲ್ಲ, ಸಿಟ್ಟೂ ಇತ್ತು. ನಮಗೆ ಒಬ್ಬರಾದರೂ ಇದನ್ನು ಮೊದಲೇ ಹೇಳಿದ್ದರೆ, ಆ ಆರು ವಾರ ಅಕ್ಕ ಉಪವಾಸ ಬೀಳುತ್ತಿರಲಿಲ್ಲ.

ಹರಕೆ ತೀರಿಸಲು ಅವ್ವ ಉಳವಿಗೆ ನಡೆದು ಹೋಗಿಬಂದಳು. ಆ ದಿನಗಳಲ್ಲಿ ದೊಡ್ಡವ್ವ ಬಂದು ಬೀಸಿದಳು. ಅದು ಬಿಟ್ಟರೆ ಒಂಬತ್ತು ವರ್ಷ ಅವ್ವ ಒಂದು ಹೊತ್ತೂ ತಪ್ಪಿಸಲಿಲ್ಲ. ಜ್ವರ ಬಂದರೆ ನಾನು ಕೂರುತ್ತಿದ್ದೆ. ನನ್ನ ಸ್ವರ ಗಾಡಿಯ ಕೀಲಿನ ಹಾಗೆ. ಅಕ್ಕ ನಗುತ್ತಿದ್ದಳು, ನಕ್ಕಾಗ ಬಾಯಿ ತೆರೆದೇ ಇರುತ್ತಿತ್ತಲ್ಲ, ಉಣಿಸುವುದು ಸಲೀಸಾಗುತ್ತಿತ್ತು. ಭೋಂಗಾ ಕೂಗಿದರೆ ಬೆಚ್ಚುವುದನ್ನೂ ಅವಳು ಬಿಟ್ಟಳು. ಅದು ಈಗ ಹಾಡಿನೊಳಗಿನ ಮಾತಾಗಿತ್ತು. ಮುಂಡಗೋಡದ ಕಡೆಯ ಮಳಗಿಯಿಂದ ನನ್ನನ್ನು ನೋಡಲು ಬಂದವರು ಬೀಸುವ ಸದ್ದು ಕೇಳಿ, ‘ಇಲ್ಲೆ ಗಿರಣಿ ಇಲ್ಲೇನ್ರಿ?’ ಎಂದರು. ಅವ್ವ ಒಳಗಿನಿಂದಲೇ ಹೇಳಿದಳು, ‘ಐತ್ರಿ. ಇದು ಹಿಟ್ಟಿಗಲ್ರಿ.’ ನನ್ನ ಅತ್ತೆಯಾದವರು ಎದ್ದು ಒಳಗೆ ಬಂದು ಅಕ್ಕನನ್ನು ನೋಡಿದರು, ಕಲ್ಲಿನ ಪಕ್ಕ ಸುಮ್ಮನೆ ಕುಳಿತರು. ಆ ಮನೆಗೆ ಸಂತೋಷದಿಂದ ಹೋದೆ.

ಮದುವೆಯಾದ ಮೂರನೆಯ ವರ್ಷ, ದೀಪಾವಳಿಯ ನಂತರ, ಅಕ್ಕನಿಗೆ ಎದೆಯಲ್ಲಿ ಕಫ ತುಂಬಿದೆಯೆಂದು ಟಪಾಲು ಬಂತು. ಹೋದೆ. ಸಾಂಬ್ರಾಣಿಯಿಂದ ದೊಡ್ಡಪ್ಪ ದೊಡ್ಡವ್ವ ಬಂದಿದ್ದರು. ಆಯಿ ಅಷ್ಟರಲ್ಲಿ ತೀರಿಕೊಂಡಿದ್ದಳು. ಬಾಯಿಗೆ ಇನ್ನು ಏನೂ ಹಾಕಬೇಡಿ ಎಂದು ಡಾಕ್ಟರು ಹಿಂದಿನ ಸಂಜೆಯೇ ಹೇಳಿದ್ದರು. ‘ಹಾಕೂದಿಲ್ರಿ. ಬೀಸ್ತೇನಿ ಅಷ್ಟ’ ಎಂದಿದ್ದಳು ಅವ್ವ.

ಬೆಳಿಗ್ಗೆ ಅವಳು ಬೀಸಲು ಕುಳಿತಳು. ರೂಢಿಯಂತೆ ನಾನು ಬಟ್ಟಲು ಹಿಡಿದು ಕುಳಿತೆ, ನೀರಿನಲ್ಲಿ ಅದ್ದಿದ ಬಟ್ಟೆಯಿಂದ ತುಟಿ ತೋಯಿಸುತ್ತಿದ್ದೆ ಅಷ್ಟೇ. ಮುಷ್ಟಿ ಎಂದಿನಂತೆ ಬಿಚ್ಚಿತು. ಉಸಿರು ಮೇಲೆ ಮೇಲೆ ಇತ್ತು, ಆದರೆ ಮುಖದಲ್ಲಿ ಬಿಗಿ ಇರಲಿಲ್ಲ. ಅವಳ ಕಣ್ಣು ತಿರುಗುವ ಕಲ್ಲಿನ ಮೇಲಿದ್ದವು. ಬೆಳಕಾಯಿತು, ಬಿಸಿಲು ಬಂತು. ಮೊರದಲ್ಲಿದ್ದ ಜೋಳ ಮುಗಿಯಿತು. ಎದುರು ಮನೆಯಿಂದ ತರೋಣವೆಂದು ನಾನು ಎದ್ದೆ. ಅವ್ವ ತಲೆಯಾಡಿಸಿ ಬೇಡವೆಂದಳು. ಬೀಸಿದ ಹಿಟ್ಟನ್ನೇ ಒಂದು ಹಿಡಿ ತೆಗೆದು ಕಲ್ಲಿನ ನಡುವಿನ ತೂತಿಗೆ ಸುರಿದಳು. ಅದು ಬಂದ ಮೇಲೆ ಮತ್ತೆ ಅದನ್ನೇ. ಬರಿಗಲ್ಲು ತಿರುಗಬಾರದು, ಕಲ್ಲು ನಿಲ್ಲಲೂ ಬಾರದು. ಮೂರನೆಯ ಸಲಕ್ಕೆ ಹಿಟ್ಟು ವಿಭೂತಿಯಷ್ಟು ಸಣ್ಣಗಾಗಿತ್ತು.

ಉಸಿರು ನಿಂತದ್ದನ್ನು ಮೊದಲು ಕಂಡವಳು ನಾನು. ಅವಳ ಅಂಗೈ ಬಿಚ್ಚಿದಂತೆಯೇ ಇತ್ತು. ಡಾಕ್ಟರು ಬಂದು ನಾಡಿ ಹಿಡಿದು, ಅಪ್ಪನ ಕಡೆ ನೋಡಿ ತಲೆ ತಗ್ಗಿಸಿದರು. ದೊಡ್ಡವ್ವ ಸೆರಗು ಬಾಯಿಗಿಟ್ಟುಕೊಂಡಳು. ಬಾಗಿಲ ತುಂಬ ಓಣಿಯ ಜನ. ಅವ್ವ ತಲೆ ಎತ್ತಲಿಲ್ಲ. ಭೋಂಗಾ ಕೂಗಿದ್ದು, ಜೋಳ ಸುರಿದದ್ದು, ಗಂಜಿ ಆರಿದ್ದು ಹಾಡುತ್ತ ತಿರುಗಿಸುತ್ತಲೇ ಇದ್ದಳು. ಅವಳಿಗೆ ಗೊತ್ತಿತ್ತೆಂದೇ ನನಗನ್ನಿಸುತ್ತದೆ. ಆದರೆ ಯಾರಾದರೂ ಬಾಯಿಬಿಟ್ಟು ಹೇಳುವ ತನಕ ಕೇಳಿಸಿಕೊಳ್ಳದವಳು ಅವಳು.

ಅಪ್ಪ ನಡುಬಾಗಿಲಲ್ಲಿ ನಿಂತು ನನ್ನ ಕಡೆ ನೋಡಿದ. ‘ನಿಮ್ಮವ್ವಗ...’ ಎಂದ. ಮುಂದಿನದು ಬರಲಿಲ್ಲ. ನಾನು ಒಲ್ಲೆ ಎಂಬಂತೆ ತಲೆಯಾಡಿಸಿದೆ. ಆ ಮಾತನ್ನು ಒಯ್ಯುವುದು ನನ್ನಿಂದ ಆಗುತ್ತಿರಲಿಲ್ಲ. ಆಗ ಅವನೇ ಬಂದ. ತನ್ನ ಅಣ್ಣ ಅತ್ತಿಗೆ, ಡಾಕ್ಟರು, ಓಣಿಯವರು, ಎಲ್ಲರ ಎದುರಿಗೆ ಆ ಐದು ಹೆಜ್ಜೆ ನಡೆದು ಬಂದು ಅವ್ವನ ಎದುರಿಗೆ ಮಣ್ಣಿನ ನೆಲದ ಮೇಲೆ ಕುಳಿತ. ಗಂಡಸರು ಬೀಸುಕಲ್ಲಿನ ಗೂಟ ಮುಟ್ಟುವ ಮನೆಯಲ್ಲ ನಮ್ಮದು. ಅವನು ಅವ್ವನ ಕೈಯ ಮೇಲೆ ಕೈಯಿಟ್ಟು ಗೂಟ ಹಿಡಿದ. ಎರಡು ಸುತ್ತು ಅವಳೊಡನೆ ತಾನೂ ತಿರುಗಿಸಿದ. ಆಮೇಲೆ ಅವಳ ಮುಖವನ್ನೇ ನೋಡಿ ಹೇಳಿದ.

‘ಸಾಕು ಬಿಡು. ಆಕಿಗಿನ್ನ ಹಸಿವಿಲ್ಲ.’

ಕಲ್ಲು ನಿಂತಿತು.